ಅಲೆಯ ಮೇಲೆ ತಿರುಗುವ ವಿದ್ಯೆ

ಕಡಲಲೆಯ ಮೇಲೆ ಹಲಗೆಯೇರಿ ನಿಂತು ಜಾರುವ ಆಟಕ್ಕೆ ಸರ್ಫಿಂಗ್ ಎಂದು ಹೆಸರು. ಇದರ ತವರು ಪೆಸಿಫಿಕ್ ಮಹಾಸಾಗರದ ಹವಾಯಿ ಮುಂತಾದ ದ್ವೀಪಗಳು. 2021ರಲ್ಲಿ ಜಪಾನಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಮೊದಲ ಸಲ ಸ್ಥಾನ ದೊರೆಯಿತು. ನಮ್ಮ ಕರಾವಳಿಗೂ ಇದು ಅಪರಿಚಿತವಲ್ಲ. ಮೂಲ್ಕಿಗೆ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದುಂಟು. ದಡದಲ್ಲಿ ನಿಂತವರ ಕಣ್ಣಿಗೆ ಹಲಗೆಯ ಮೇಲೆ ಎದ್ದು ನಿಲ್ಲುವುದೇ ಪರಮ ಸಾಹಸವಾಗಿ ತೋರುತ್ತದೆ. ಬಲ್ಲವರಿಗೆ ಅದು ಓಂನಾಮ ಮಾತ್ರ. ನಿಜವಾದ ವಿದ್ಯೆ ಇರುವುದು ಹಲಗೆಯನ್ನು ತಿರುಗಿಸುವುದರಲ್ಲಿ.

ತಿರುಗಬೇಕೇಕೆ? ಒಳ್ಳೆಯ ಅಲೆಯು ಉದ್ದಕ್ಕೂ ಒಂದೇ ಸಲಕ್ಕೆ ಒಡೆಯುವುದಿಲ್ಲ. ಒಂದೆಡೆ ಮುರಿದು, ಆ ಮುರಿತ ಪಕ್ಕಕ್ಕೆ ಹಬ್ಬುತ್ತ ಹೋಗುತ್ತದೆ. ನೆಟ್ಟಗೆ ದಡದತ್ತ ಜಾರುವವನನ್ನು ನೊರೆ ಕ್ಷಣದಲ್ಲೇ ಆವರಿಸುತ್ತದೆ. ಪಕ್ಕಕ್ಕೆ ಹೊರಳಿ, ಇನ್ನೂ ಒಡೆಯದ ನೀರಿನ ಇಳಿಜಾರಿನಲ್ಲಿ ಸಾಗುವವನಿಗೆ ಸವಾರಿ ದೀರ್ಘವಾಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಹಿರಿದು. ಎದುರಿಗೆ ಈಜುವವರೊಬ್ಬರು ತಲೆಯೆತ್ತಿದರೆ, ತಿರುಗಲು ಬಾರದವನ ಹಲಗೆ ಅವರ ಪಾಲಿಗೆ ಆಯುಧವೇ ಸರಿ.

ಸುಮಾರು 9 ಅಡಿಯ ಉದ್ದ ಹಲಗೆ ಸ್ಥಿರವಾದದ್ದು, ಆದರೆ ತಿರುಗಲು ಸೋಮಾರಿ. 6 ಅಡಿಯ ಗಿಡ್ಡ ಹಲಗೆ ಚುರುಕು, ಆದರೆ ಹೊಸಬರನ್ನು ನಿಲ್ಲಗೊಡದು. ಇವೆರಡರ ನಡುವಣ 7-8 ಅಡಿಯ ಮಧ್ಯಮ ಹಲಗೆ, ನಿಲ್ಲಲು ಕಲಿತು ತಿರುಗಲು ಹೊರಟವರಿಗೆ ತಕ್ಕದ್ದು.

ಹಲಗೆಯ ಹಿಂತುದಿಯ ತಳದಲ್ಲಿ ಮೀನಿನ ಈಜುರೆಕ್ಕೆಯನ್ನು ಹೋಲುವ ಒಂದೋ ಮೂರೋ ಫಿನ್‌ಗಳಿರುತ್ತವೆ. 1935ರಲ್ಲಿ ಇದನ್ನು ಮೊದಲು ಅಳವಡಿಸಿದ ಕೀರ್ತಿ ಅಮೆರಿಕದ ಟಾಮ್ ಬ್ಲೇಕ್ ಅವರಿಗೆ ಸಲ್ಲುತ್ತದೆ. ಅದಕ್ಕೆ ಮುಂಚೆ ಸವಾರರು ಒಂದು ಕಾಲನ್ನು ನೀರಿನಲ್ಲಿ ಎಳೆದು ದಿಕ್ಕು ಬದಲಿಸುತ್ತಿದ್ದರು. ಫಿನ್ ದೋಣಿಯ ಚುಕ್ಕಾಣಿಯಂತೆ ಅತ್ತಿತ್ತ ತಿರುಗುವಂಥದಲ್ಲ; ಹಲಗೆಯ ಹಿಂಭಾಗ ಪಕ್ಕಕ್ಕೆ ಜಾರದಂತೆ ಅದು ನೀರನ್ನು ಹಿಡಿದಿರುತ್ತದೆ, ಅಷ್ಟೆ. ತಿರುಗಿಸುವುದು ಸವಾರನ ಮೈಭಾರ. ಭಾರವನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಆ ಕಡೆಯ ಅಂಚು ನೀರಿನಲ್ಲಿ ಅದ್ದಿ, ಹಲಗೆ ಅತ್ತ ಹೊರಳುತ್ತದೆ. ಓಡುವ ಸೈಕಲ್ಲು ತಿರುವಿನಲ್ಲಿ ಒಳಕ್ಕೆ ವಾಲುವುದನ್ನು ನೆನೆದರೆ ಸಾಕು.

ಕಲಿಕೆಯ ಕ್ರಮ ಹೀಗೆ. ಮೊದಲು, ಒಡೆದು ಬರುವ ನೊರೆಯಲೆಯ ಮೇಲೆ ನಿಂತು, ಕಾಲ್ಬೆರಳುಗಳ ಕಡೆಗೊಮ್ಮೆ, ಹಿಮ್ಮಡಿಗಳ ಕಡೆಗೊಮ್ಮೆ ಮೆಲ್ಲಗೆ ಭಾರ ಹಾಕಿ, ಹಲಗೆಯ ನಡೆಯನ್ನು ಪಾದಗಳಿಂದಲೇ ಅರಿಯಬೇಕು. ಎರಡನೆಯದಾಗಿ, ಒಡೆಯದ ಅಲೆಯನ್ನು ಓರೆಯಾಗಿ ಹಿಡಿಯಬೇಕು. ಮೂರನೆಯದು ಬಾಟಮ್ ಟರ್ನ್: ಇಳಿಜಾರನ್ನಿಳಿದು ವೇಗ ಕೂಡಿದಾಗ, ಅಲೆಯ ಬುಡದಲ್ಲಿ ಮಂಡಿ ಬಗ್ಗಿಸಿ, ಫಿನ್‌ನ ನೇರಕ್ಕಿರಿಸಿದ ಹಿಂಗಾಲನ್ನು ಒತ್ತಿ ಮೇಲಕ್ಕೆ ಹೊರಳುವುದು. ಇದು ಕೈವಶವಾದ ಮೇಲೆ ಕಟ್‌ಬ್ಯಾಕ್: ಮುರಿತದಿಂದ ಬಹಳ ಮುಂದೆ ಬಂದು ಅಲೆಯ ಬಲ ಕುಗ್ಗಿದಾಗ, ಮರಳಿ ಅದರ ಕಡೆಗೇ ತಿರುಗುವುದು.

ಎಲ್ಲದರಲ್ಲಿಯೂ ಮೊದಲು ತಿರುಗತಕ್ಕದ್ದು ಕಣ್ಣು, ಅದರ ಹಿಂದೆ ಭುಜ, ಸೊಂಟ, ಮಂಡಿ, ಕಟ್ಟಕಡೆಗೆ ಹಲಗೆ. ಹಲಗೆಯ ಮುಂತುದಿಯನ್ನೇ ದಿಟ್ಟಿಸುವವನು ಬೀಳುವುದು ಹೆಚ್ಚು. ಕೈಗಳನ್ನು ಮಾತ್ರ ಬೀಸಿದರೆ ಫಲವಿಲ್ಲ. ವೇಗ ಕೂಡುವ ಮೊದಲೇ ತಿರುಗಹೊರಟರೆ ಹಲಗೆ ನಿಂತೇಬಿಡುತ್ತದೆ. ಮಧ್ಯಮ ಹಲಗೆಯ ಅಂಚು ಉದ್ದವಾದ್ದರಿಂದ ಅದು ಬರೆಯುವುದು ದೊಡ್ಡ ಕಮಾನನ್ನು. ಅವಸರದ ಒದೆತಕ್ಕೆ ಅದು ಮಣಿಯದು. ಪದ್ಯ ಓದುವವನು ಯತಿಸ್ಥಾನಕ್ಕೆ ಕಾಯುವಂತೆ ಇಲ್ಲಿ ಕಾಯಬೇಕು.

ಕಡಲಿಗೂ ಒಂದು ಶಿಷ್ಟಾಚಾರವುಂಟು. ಮುರಿತಕ್ಕೆ ಅತಿ ಸಮೀಪವಿರುವವರದು ಆ ಅಲೆ, ಉಳಿದವರು ಬಿಟ್ಟುಕೊಡಬೇಕು. ಬಿಟ್ಟುಕೊಡುವುದೂ ಒಂದು ತಿರುವೇ: ಹಲಗೆಯನ್ನು ಅಲೆಯ ನೆತ್ತಿಗೇರಿಸಿ, ಬೆನ್ನಿನ ಕಡೆಗೆ ದಾಟಿಸಿ ಹೊರಬೀಳುವುದು. ಮಳೆಗಾಲದ ರುದ್ರ ಸಮುದ್ರವನ್ನು ಬಿಟ್ಟು, ಈಜು ಕಲಿತು, ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು, ಬಲ್ಲ ಶಿಕ್ಷಕರ ಕಣ್ಣಳತೆಯಲ್ಲಿ ಅಭ್ಯಾಸಕ್ಕಿಳಿಯುವ ಹುಡುಗ ಹುಡುಗಿಯರು ಈ ತಿರುವನ್ನು ಮಿಕ್ಕೆಲ್ಲಕ್ಕಿಂತ ಮೊದಲೇ ಕಲಿತರೆ ಲೇಸು. ನೋಡುವವರು ಇದಕ್ಕೆ ಚಪ್ಪಾಳೆ ತಟ್ಟಲಾರರು. ಆದರೆ ಅಂದು ಸಂಜೆ ಎಲ್ಲರೂ ನೋವಿಲ್ಲದೆ ಮನೆಗೆ ಮರಳುವುದು ಇದರಿಂದಲೇ.