ಹಾಲು ಬತ್ತಿತೆ, ಇಳಿಯದಾಯಿತೆ?

ಬೆದರಿದ ಹಸು ಸೊರೆ ಬಿಡುವುದಿಲ್ಲವೆಂಬುದು ಹಾಲು ಕರೆಯುವವರೆಲ್ಲ ಬಲ್ಲ ಸಂಗತಿ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲಗಳನ್ನು ಊದಿ ಒಡೆದು ಇದನ್ನೇ ಪರೀಕ್ಷಿಸಿದರು. ಪ್ರಯೋಗವು ನಗೆ ಬರಿಸುವಂತಿದೆ, ಫಲಿತಾಂಶವೇನೋ ಗಂಭೀರವಾದುದೇ. ಕೆಚ್ಚಲು ತುಂಬಿದ್ದರೂ ಹಾಲು ಇಳಿಯಲಿಲ್ಲ.

ಮನುಷ್ಯರಲ್ಲಿಯೂ ಹೀಗಾಗುವುದೆ? 1948ರಲ್ಲಿ ನ್ಯೂಟನ್ ದಂಪತಿಗಳು ಮೊಲೆಯೂಡಿಸುವ ತಾಯಿಯೊಬ್ಬಳ ಪಾದಗಳನ್ನು ಮಂಜುಗಡ್ಡೆಯ ನೀರಿನಲ್ಲಿರಿಸಿಯೂ ಲೆಕ್ಕಗಳನ್ನು ಕೇಳಿಯೂ ಪೀಡಿಸಿ ನೋಡಿದರು. ನೆಮ್ಮದಿಯಿದ್ದಾಗ ಮಗು ಸರಾಸರಿ 168 ಗ್ರಾಂ ಹಾಲು ಕುಡಿಯಿತು. ಪೀಡೆಯಿದ್ದಾಗ 99 ಗ್ರಾಂ. ಪೀಡೆಯ ಜೊತೆಗೆ ಆಕ್ಸಿಟೋಸಿನ್ ಹಾರ್ಮೋನಿನ ಚುಚ್ಚುಮದ್ದನ್ನೂ ಕೊಟ್ಟಾಗ ಮತ್ತೆ 153 ಗ್ರಾಂ! ಒಬ್ಬಳೇ ತಾಯಿಯ ಮೇಲಿನ ಪ್ರಯೋಗವಿದೆಂಬುದನ್ನು ನಾವು ಮರೆಯಬಾರದು. ಆದರೂ ವಿಷಯ ಸ್ಪಷ್ಟ: ಹಾಲು ಬತ್ತಿರಲಿಲ್ಲ, ಇಳಿದಿರಲಿಲ್ಲ, ಅಷ್ಟೆ.

ಹಾಲನ್ನು ತಯಾರಿಸುವುದು ಒಂದು ಕೆಲಸ, ಹೊರಕ್ಕೆ ನೂಕುವುದು ಇನ್ನೊಂದು. ಮಗು ಚೀಪಿದೊಡನೆ ನರಗಳ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ. ಅದರ ಪ್ರಭಾವದಿಂದ ಹಾಲಿನ ಸಣ್ಣ ಚೀಲಗಳ ಸುತ್ತಲಿನ ಸ್ನಾಯುಕೋಶಗಳು ಸಂಕುಚಿಸುತ್ತವೆ. ನೋವು, ಭಯ, ಕಳವಳಗಳು ತಡೆಯುವುದು ಈ ಎರಡನೆಯ ಕೆಲಸವನ್ನು.

ಇನ್ನು ಬಾಣಂತಿಯ ಕೋಣೆಯನ್ನು ನೋಡೋಣ. ಕೂಸು ಅಳುತ್ತದೆ. "ನಿನಗೆ ಹಾಲು ಸಾಲದಮ್ಮ" ಎಂದು ಯಾರೋ ಹಿರಿಯರು ಅನ್ನುತ್ತಾರೆ. ತಾಯಿ ಅಂಜುತ್ತಾಳೆ; ಹಾಲು ಇಳಿಯುವುದು ತಡವಾಗುತ್ತದೆ; ಕೂಸು ಇನ್ನಷ್ಟು ಅಳುತ್ತದೆ. ಸೀಸೆಯ ಹಾಲು ಬರುತ್ತದೆ. ಚೀಪುವುದು ಕಡಮೆಯಾದಂತೆ ಹಾಲಿನ ತಯಾರಿಕೆಯೂ ಕಡಮೆಯಾಗುವುದರಿಂದ, ಮೊದಲು ಸುಳ್ಳಾಗಿದ್ದ ಮಾತು ಕೊನೆಗೆ ನಿಜವಾಗಿಬಿಡುತ್ತದೆ!

ಇಲ್ಲಿ ತಿಳಿವಳಿಕೆ ನೆರವಿಗೆ ಬರುತ್ತದೆ. ಆರೋಗ್ಯವಾಗಿರುವ ಕೂಸುಗಳೂ ಆರನೆಯ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಅಳುವುವೆಂದೂ ಅನಂತರ ಅಳು ಇಳಿಮುಖವಾಗುವುದೆಂದೂ ಬ್ರೇಜಲ್ಟನ್ ಎಂಬ ವೈದ್ಯರು 1962ರಲ್ಲಿ ತೋರಿಸಿದರು. ಆದುದರಿಂದ ಅಳುವೊಂದೇ ಹಸಿವಿನ ಅಳತೆಯಲ್ಲ. ಐದನೆಯ ದಿನದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಹೋಗುತ್ತಿದೆಯೆ, ಎರಡು ವಾರಗಳೊಳಗೆ ಹುಟ್ಟಿದಾಗಿನ ತೂಕ ಮರಳಿತೆ ಎಂದು ನೋಡಬೇಕು. ಇಲ್ಲವಾದರೆ ವೈದ್ಯರಲ್ಲಿಗೆ ಹೋಗಬೇಕು. ಅಲ್ಲಿ ಧೈರ್ಯದ ಮಾತುಗಳು ಸಾಲವು.

ತಿಳಿದ ಮಾತ್ರಕ್ಕೆ ನೆಚ್ಚಿಕೆ ಹುಟ್ಟುವುದೆ? ಕೆನಡಾದ ಸಿಂಡಿ-ಲೀ ಡೆನಿಸ್ 1999ರಲ್ಲಿ ಈ ನೆಚ್ಚಿಕೆಯನ್ನೇ ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಕಡಮೆ ಅಂಕ ಪಡೆದ ತಾಯಂದಿರು ಮೊಲೆಯೂಡಿಸುವುದನ್ನು ಬೇಗ ನಿಲ್ಲಿಸುವ ಸಂಭವ ಹೆಚ್ಚೆಂದು ಕಂಡುಬಂದಿದೆ. ಇದಕ್ಕೆ ಆಧಾರ, ಮನೋವಿಜ್ಞಾನಿ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡುವುದನ್ನು ಕಂಡದ್ದು, ಪಕ್ಕದವರ ಉತ್ತೇಜನ, ಮೈಮನಗಳ ನೆಮ್ಮದಿ, ಇವುಗಳಿಂದ ನೆಚ್ಚಿಕೆ ಬೆಳೆಯುತ್ತದೆ. ಉಪದೇಶಕ್ಕಿಂತಲೂ, ಕಳೆದ ವರ್ಷವಷ್ಟೇ ಹೆತ್ತ ನೆರೆಮನೆಯಾಕೆ ಅರ್ಧ ಗಂಟೆ ಬಂದು ಕುಳಿತು, ತನ್ನ ಕೂಸೂ ಹೀಗೆಯೇ ಅಳುತ್ತಿತ್ತೆಂದು ಹೇಳುವುದು ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ.