ಕೈಮಗ್ಗಕ್ಕೊಂದು ಗುರುತು ಸಿಕ್ಕ ಬಗೆ

ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಇವೆರಡೂ ಕೂಡುವಲ್ಲಿ ಎಳೆಗೆ ಎಳೆ ಸಿಕ್ಕಿಸಿ ಕುಣಿಕೆ ಹಾಕುತ್ತಾರೆ. ನೇಕಾರರ ಬಾಯಲ್ಲಿ ಅದು ಕೊಂಡಿ. ವಿದ್ಯುತ್ ಮಗ್ಗದ ನಕಲಿಗೆ ಬಣ್ಣ, ಅಂಚು, ತೋಪು ತೆನೆಯ ಸೆರಗು ಎಲ್ಲವೂ ಬಂದೀತು. ಕೊಂಡಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅಂಗಡಿಯಲ್ಲಿ ಸೆರಗು ಮಗುಚಿ ಅದನ್ನು ಹುಡುಕುವವರು ಎಷ್ಟು ಮಂದಿ?

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು. ಕಾಯ್ದೆ ತಯಾರಕನ ಕೈ ಕಟ್ಟಬಹುದು, ಗಿರಾಕಿಗೆ ದಾರಿ ತೋರಿಸದು. ಆ ಕೊರತೆ ತುಂಬಲೆಂದೇ 2006ರ ಜೂನ್ 28ರಂದು ಪ್ರಧಾನಿ ಮನಮೋಹನ್ ಸಿಂಗ್ 'ಹ್ಯಾಂಡ್‌ಲೂಮ್ ಮಾರ್ಕ್' ಬಿಡುಗಡೆ ಮಾಡಿದರು. ಲಾಂಛನ ರೂಪಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ.

ಇಡೀ ದೇಶದ ನೇಕಾರರಿಗೆ ಒಂದೇ ಚಿಹ್ನೆ ಬರೆಯುವುದು ಸುಲಭವಲ್ಲ. ಬನಾರಸಿನ ಬುಟ್ಟಾ ಬರೆದರೆ ಇಳಕಲ್ಲಿನವರು ಹೊರಗುಳಿಯುತ್ತಾರೆ, ಕಂಚಿಯ ಗೋಪುರ ಬರೆದರೆ ಅಸ್ಸಾಮಿನವರು. ಎಲ್ಲ ಮಗ್ಗಗಳಲ್ಲೂ ಇರುವುದು ಹಾಸು ಮತ್ತು ಹೊಕ್ಕು. ಹಾಗಾಗಿ ಒಂದರೊಳಗೊಂದು ಹೆಣೆದ ಎಳೆಗಳು ಘನಾಕೃತಿಯಾಗಿ ಕಾಣುವ ಚಿತ್ರ ಆಯ್ಕೆಯಾಯಿತು. ದೇಶದೊಳಗೆ ಮಾರುವ ಬಟ್ಟೆಯ ಚೀಟಿಯಲ್ಲಿ ಅದರ ಕೆಳಗೆ 'ಹ್ಯಾಂಡ್‌ಲೂಮ್' ಎಂದಿರುತ್ತದೆ. ರಫ್ತಾಗುವ ಬಟ್ಟೆಯಲ್ಲಿ 'ಹ್ಯಾಂಡ್‌ವೋವನ್ ಇನ್ ಇಂಡಿಯಾ'.

ಚಿತ್ರ ಎಷ್ಟೇ ಚೆಂದವಿರಲಿ, ಅದರ ಬೆಲೆ ನಿಂತಿರುವುದು ತಪಾಸಣೆಯ ಮೇಲೆ. ಕೇಂದ್ರ ಸರ್ಕಾರದ ಜವಳಿ ಸಮಿತಿ ಮಗ್ಗಗಳನ್ನು ಪರಿಶೀಲಿಸಿ, ನೋಂದಾಯಿಸಿದವರಿಗಷ್ಟೇ ಚೀಟಿ ಕೊಡುತ್ತದೆ.

ಗೊಂದಲ ಹುಟ್ಟುವುದು ಗುರುತುಗಳು ಹೆಚ್ಚಾದಾಗ. 2004ರಲ್ಲಿ ಬಂದ 'ಸಿಲ್ಕ್ ಮಾರ್ಕ್' ನೂಲು ಅಪ್ಪಟ ರೇಷ್ಮೆ ಎನ್ನುತ್ತದೆ, ಯಾವ ಮಗ್ಗ ಎಂದು ಹೇಳುವುದಿಲ್ಲ. ಭೌಗೋಳಿಕ ಸೂಚಿಕೆ ಹೇಳುವುದು ಊರನ್ನು. 2018ರಲ್ಲಿ ಅದಕ್ಕೂ ಪ್ರತ್ಯೇಕ ಲಾಂಛನ ಬಂತು. ನಮ್ಮ ಮೈಸೂರು ರೇಷ್ಮೆ ಸೀರೆಗೆ ಆ ಸೂಚಿಕೆಯಿದೆ, ಆದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕಾರ್ಖಾನೆಯಲ್ಲಿ ಅದನ್ನು ನೇಯುವುದು ವಿದ್ಯುತ್ ಮಗ್ಗ. ಅಲ್ಲಿ ಮೋಸವಿಲ್ಲ, ಗುರುತು ಹೇಳುವ ಸಂಗತಿಯೇ ಬೇರೆ.

2019-20ರ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕಾರ್ಮಿಕರಿದ್ದಾರೆ, ಹೆಚ್ಚಿನವರು ಹೆಂಗಸರು. ಮುಂದಿನ ಸಲ ಕೈಮಗ್ಗದ್ದೆಂದು ಹೆಚ್ಚು ದುಡ್ಡು ಕೊಡುವಾಗ ಚೀಟಿ ಕೇಳಿ. ಗಿರಾಕಿ ಕೇಳದಿದ್ದರೆ ಅಂಗಡಿಯವನು ಅದನ್ನು ತರಿಸುವುದಿಲ್ಲ.