2,14,74,83,647 ಎಂಬ ಒಂಟಿ ಸಂಖ್ಯೆ

ಕಳೆದ ತಿಂಗಳು ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದಾಗ ತಾಳೆಪಟ್ಟಿಯಲ್ಲಿ 27 ರೂಪಾಯಿ ವ್ಯತ್ಯಾಸ ಬಂತು. ಎರಡು ಗಂಟೆ ಹುಡುಕಿದರೂ ತಪ್ಪು ಸಿಗದೆ ಅಳುವೇ ಬಂದಿತ್ತು. ಮಂಡಿಯಲ್ಲಿ ಲೆಕ್ಕ ಬರೆಯುವ ಅಬ್ಬಾ, “27 ಒಂಬತ್ತರಿಂದ ಭಾಗ ಹೋಗುತ್ತದಲ್ಲ ಬೇಟಾ? ಎಲ್ಲೋ ಅಂಕಿ ಹಿಂದುಮುಂದಾಗಿರಬೇಕು, ನೋಡು” ಎಂದರು. ನಿಜ, 85 ಬರೆಯುವ ಕಡೆ 58 ಬರೆದಿದ್ದೆ! ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ತಪ್ಪು ಎಲ್ಲಿ ಅಡಗಿರಬಹುದು ಎಂದು ತಿಳಿದರೆ ಲೆಡ್ಜರ್ ಪೂರ್ತಿ ಹುಡುಕಬೇಕಿಲ್ಲ.

ಇಂಥದೇ ಉಪಾಯದಿಂದ ಗಣಿತಜ್ಞ ಆಯ್ಲರ್ ಒಂದು ದೊಡ್ಡ ಸಂಖ್ಯೆಯನ್ನು ಪರೀಕ್ಷಿಸಿದ್ದನ್ನು ಆಮೇಲೆ ಓದಿದೆ. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ 2,14,74,83,647 ಬರುತ್ತದೆ. ಇದು ಅವಿಭಾಜ್ಯ ಸಂಖ್ಯೆ; 1 ಮತ್ತು ತನ್ನನ್ನು ಬಿಟ್ಟರೆ ಇದಕ್ಕೆ ಬೇರೆ ಭಾಜಕವಿಲ್ಲ. ಉರ್ದು ಮಾಧ್ಯಮದಲ್ಲಿ ಓದಿದ ನನ್ನ ಅಮ್ಮಿ ಇದನ್ನು ‘ಮುಫ್ರದ್ ಅದದ್’ ಎನ್ನುತ್ತಾರೆ. ಮುಫ್ರದ್ ಎಂದರೆ ಒಂಟಿ.

ಒಂಟಿ ಎಂದು ಹೇಳುವುದು ಹೇಗೆ? ಒಂದು ಸಂಖ್ಯೆಗೆ ಭಾಜಕಗಳಿದ್ದರೆ ಒಂದಾದರೂ ಅದರ ವರ್ಗಮೂಲದೊಳಗೆ ಸಿಗಲೇಬೇಕು. ಇದರ ವರ್ಗಮೂಲ 46,340ಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟೂ ಸಂಖ್ಯೆಗಳಿಂದ ಭಾಗಿಸುತ್ತಾ ಕೂರಬೇಕೇ? ಬೇಡ. ಇಲ್ಲಿ ಫರ್ಮಾ ಕಂಡುಕೊಂಡಿದ್ದ ಒಂದು ನಿಯಮ ಸಹಾಯಕ್ಕೆ ಬರುತ್ತದೆ. ಚಿಕ್ಕ ಉದಾಹರಣೆ ನೋಡೋಣ. 11 ಎರಡುಗಳನ್ನು ಗುಣಿಸಿ 1 ಕಳೆದರೆ 2047. ಅದು 23 × 89. 11ರ ಎರಡರಷ್ಟು 22. 23ನ್ನಾಗಲಿ 89ನ್ನಾಗಲಿ 22ರಿಂದ ಭಾಗಿಸಿ, ಶೇಷ 1. ಹಾಗೆಯೇ ನಮ್ಮ ಸಂಖ್ಯೆಗೆ ಭಾಜಕವಿದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಆಯ್ಲರ್ ಇದನ್ನು ಇನ್ನೂ ಬಿಗಿಗೊಳಿಸಿದರು: 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಇರಬೇಕು. ಆಗ ಉಳಿಯುವುದು ಹೆಚ್ಚೆಂದರೆ 372 ಭಾಗಾಕಾರ! ಯಾವುದೂ ನಿಶ್ಶೇಷವಾಗಿ ಹೋಗಲಿಲ್ಲ. 1772ರಲ್ಲಿ ಈ ಸಂಖ್ಯೆ ಅವಿಭಾಜ್ಯವೆಂದು ಅವರು ಪತ್ರವೊಂದರಲ್ಲಿ ತಿಳಿಸಿದರು. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ.

“ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ?” ಎಂದು ಗೆಳತಿ ಕೇಳಿದಳು. ಕಂಪ್ಯೂಟರಿನಲ್ಲಿ ಪ್ಲಸ್, ಮೈನಸ್ ಎರಡೂ ಬರುವ ಲೆಕ್ಕಕ್ಕೆ 32 ಬಿಟ್ ಜಾಗ ಕೊಟ್ಟರೆ, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಪೈಸೆಯಲ್ಲಿ ಲೆಕ್ಕವಿಟ್ಟರೆ 2,14,74,836 ರೂಪಾಯಿ 47 ಪೈಸೆ. ಇನ್ನೊಂದು ಪೈಸೆ ಸೇರಿದರೆ ಮೊತ್ತ ಮೈನಸ್‌ಗೆ ತಿರುಗಿ ಲಾಭವೇ ನಷ್ಟವಾಗಿ ಕಾಣಬಹುದು. ಆದರೆ ನನ್ನ ಉತ್ತರ ಅದಷ್ಟೇ ಅಲ್ಲ. ಮುಂದೆ ಆಡಿಟರ್ ಆಗಬೇಕೆಂಬುದು ನನ್ನ ಆಸೆ. ಸಾವಿರಾರು ನಮೂದುಗಳ ನಡುವೆ ಎಲ್ಲಿ ಹುಡುಕಬೇಕೆಂದು ತಿಳಿಯುವುದೇ ಆ ಕೆಲಸದ ಅರ್ಧ ಪಾಲು. ಅದನ್ನು ಅಬ್ಬಾ ಮತ್ತು ಆಯ್ಲರ್ ಇಬ್ಬರೂ ನನಗೆ ಕಲಿಸಿದರು.

ಸ್ನೇಹಿತರೇ, ನಿಮಗೊಂದು ಲೆಕ್ಕ: 23 ಎರಡುಗಳನ್ನು ಗುಣಿಸಿ 1 ಕಳೆದರೆ 83,88,607. ಇದು ಒಂಟಿಯೇ? ಎಲ್ಲಿಂದ ಹುಡುಕಲು ಆರಂಭಿಸುತ್ತೀರಿ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ